ದಂಡಿನ ಸುಳ್ಳು ಬೆಳ್ಳಿ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಆಸುಪಾಸಿನ ಗುಜರಿ ಅಂಗಡಿಗಳಲ್ಲಿ ಹಳೆಯ ಚಮಚಗಳಿಗೆ ಬೆಲೆ ಕಟ್ಟುವುದು ತಕ್ಕಡಿ. ಸವೆದ ನಲ್ಲಿ, ಹಿತ್ತಾಳೆಯ ಚಿಲಕ, ತುಕ್ಕು ಹಿಡಿದ ಬೇರಿಂಗುಗಳ ನಡುವೆ, ಗೋಣಿಚೀಲದ ತಳದಲ್ಲಿ ಅವು ಕಪ್ಪಗೆ ಬಿದ್ದಿರುತ್ತವೆ. ಒಂದನ್ನು ಎತ್ತಿ ಹಿಡಿಯ ಬೆನ್ನನ್ನು ಬಟ್ಟೆಯಿಂದ ಉಜ್ಜಿದರೆ ನಾಲ್ಕು ಪುಟ್ಟ ಚೌಕಗಳೊಳಗೆ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ: ಇ.ಪಿ.ಎನ್.ಎಸ್. ಬೆಳ್ಳಿ ಸಿಕ್ಕಿತೆಂದು ಹಿಗ್ಗಿದವನಿಗೆ ಅಲ್ಲಿಗೆ ನಿರಾಸೆ. ಆದರೆ ಬೆಂಗಳೂರಿನ ದಂಡು ಪ್ರದೇಶದ ಚರಿತ್ರೆಯಲ್ಲಿ ಆಸಕ್ತಿ ಇರುವವನಿಗೆ ಅಲ್ಲಿಂದಲೇ ಕಥೆ ಆರಂಭ.

ಆ ನಾಲ್ಕು ಅಕ್ಷರಗಳ ಅರ್ಥ, ನಿಕಲ್ ಸಿಲ್ವರ್ ಎಂಬ ಲೋಹದ ಮೇಲೆ ವಿದ್ಯುತ್ತಿನಿಂದ ಲೇಪಿಸಿದ ಬೆಳ್ಳಿ ಎಂದು. ನಿಕಲ್ ಸಿಲ್ವರ್ ಅನ್ನುವ ಹೆಸರಿನಲ್ಲಿ ಬೆಳ್ಳಿ ಇದೆಯೇ ಹೊರತು ಲೋಹದಲ್ಲಿ ಇಲ್ಲ. ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣ. ನಮ್ಮ ಮನೆಗಳಲ್ಲಿ ಜರ್ಮನ್ ಸಿಲ್ವರ್ ಎಂದು ಕರೆಯುವುದು ಇದನ್ನೇ. ಚೀನೀಯರು ಬಿಳಿ ತಾಮ್ರ ಎಂದು ಕರೆದು ಶತಮಾನಗಳಿಂದ ಬಳಸುತ್ತಿದ್ದ ಇಂಥ ಲೋಹವನ್ನು ನೋಡಿ ಜರ್ಮನರು 1820ರ ದಶಕದಲ್ಲಿ ತಮ್ಮಲ್ಲೇ ತಯಾರಿಸಲು ಕಲಿತರು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸೋದರ ಸಂಬಂಧಿಗಳು ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಲೇಪನ ಗಟ್ಟಿಯಾಗಿ ಹಿಡಿಯಲು ಸಯನೈಡಿನ ದ್ರಾವಣ ಬೇಕೆಂದು ಕಂಡುಕೊಂಡವನು ಮಾತ್ರ ಅದೇ ಊರಿನ ವೈದ್ಯ ಜಾನ್ ರೈಟ್. ಇದರಿಂದ ಶ್ರೀಮಂತನ ಮೇಜಿನ ಮೇಲಿದ್ದ ಹೊಳಪು ಸಾಧಾರಣ ಸಂಬಳದವನ ಮೇಜಿಗೂ ಬಂತು.

ದಂಡಿನ ಮನೆಗಳಲ್ಲಿ ಎರಡೂ ಬಗೆಯವು ಇದ್ದವು, ನಿಜವಾದ ಬೆಳ್ಳಿಯೂ ಲೇಪನದ ಬೆಳ್ಳಿಯೂ. ಇಂದು ಕೈಗೆ ಸಿಗುವುದು ಬಹುಮಟ್ಟಿಗೆ ಎರಡನೆಯದು. ಕಾರಣ ಸರಳ. ನಿಜವಾದ ಬೆಳ್ಳಿಗೆ ಯಾವಾಗಲೂ ಗಿರಾಕಿ ಇದ್ದ, ಪ್ರತಿ ಕಷ್ಟಕಾಲದಲ್ಲೂ ಅದು ಅಕ್ಕಸಾಲಿಗನ ಮೂಸೆಗೆ ಹೋಯಿತು. ಲೇಪನದ ತೆಳು ಪೊರೆಯನ್ನು ಬಿಡಿಸಿ ತೆಗೆಯುವ ಖರ್ಚು ಅದರಿಂದ ಬರುವ ಬೆಳ್ಳಿಗಿಂತ ಹೆಚ್ಚಾದ್ದರಿಂದ ಸುಳ್ಳು ಬೆಳ್ಳಿ ಉಳಿದುಕೊಂಡಿತು. ಒಂದು ಕಾಲದ ಊಟದ ಮೇಜಿನ ಬಗ್ಗೆ ನಮಗಿರುವ ಸಾಕ್ಷಿ, ಕರಗಿಸಲು ಲಾಯಕ್ಕಿಲ್ಲದ್ದೆಂದು ಬಿಟ್ಟ ಸಾಕ್ಷಿ.

ಬೆಂಗಳೂರಿಗೆ ಈ ಮೇಜು ಬಂದದ್ದು ಸೈನ್ಯದ ಜತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲೇ ಬೀಡುಬಿಟ್ಟಿದ್ದ ಬ್ರಿಟಿಷ್ ಪಡೆಗಳು ಜ್ವರದ ಕಾಟ ತಾಳಲಾರದೆ 1809ರಲ್ಲಿ ಹಲಸೂರಿನ ಬಳಿಗೆ ಸ್ಥಳಾಂತರಗೊಂಡವು. ಪೇಟೆಯ ಜನ ಅದನ್ನು ದಂಡು ಎಂದೇ ಕರೆದರು. 1834ರಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯೂ ಇಲ್ಲಿಗೆ ಬಂತು, ಇಂದಿಗೂ ಅದರ ಕೇಂದ್ರ ಹಲಸೂರು ಕೆರೆಯ ಸಮೀಪದಲ್ಲಿದೆ. ಅಧಿಕಾರಿಗಳೆಲ್ಲ ಒಟ್ಟಿಗೆ ಕುಳಿತು ಉಣ್ಣುವ ಮೆಸ್ ಎಂಬ ವ್ಯವಸ್ಥೆಯಲ್ಲಿ ಬೆಳ್ಳಿಗೆ ಊಟದ ಸಾಮಾನಿಗಿಂತ ಹೆಚ್ಚಿನ ಸ್ಥಾನ. ವರ್ಗವಾಗಿ ಹೋಗುವವರು ಹೆಸರು ಕೆತ್ತಿಸಿದ ಬೆಳ್ಳಿಯ ವಸ್ತುವೊಂದನ್ನು ಮೆಸ್ಸಿಗೆ ಕೊಟ್ಟುಹೋಗುವುದು ವಾಡಿಕೆಯಾಗಿತ್ತು, ಆದ್ದರಿಂದ ಮೇಜಿನ ಮೇಲೆ ಪಡೆಯ ಚರಿತ್ರೆಯೇ ಹರಡಿರುತ್ತಿತ್ತು. 1868ರಲ್ಲಿ ಸೇನಾಧಿಕಾರಿಗಳಿಗಾಗಿ ಆರಂಭವಾದ, ಇಂದಿನ ಬೆಂಗಳೂರು ಕ್ಲಬ್, ಅದೇ ರೀತಿಯನ್ನು ಮುಂದುವರಿಸಿತು. (ವಿನ್ಸ್ಟನ್ ಚರ್ಚಿಲ್ ಉಳಿಸಿಹೋದ 13 ರೂಪಾಯಿಯ ಬಾಕಿ ಇರುವುದು ಈ ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲೇ. 1899ರಲ್ಲಿ ಅದನ್ನು ವಸೂಲಾಗದ ಬಾಕಿಗಳ ಪಟ್ಟಿಗೆ ಸೇರಿಸಲಾಯಿತು.)

ಹಾಗೆಂದು ಕನ್ನಡದ ಮನೆಗಳು ಚಮಚವನ್ನೇ ಕಂಡಿರಲಿಲ್ಲ ಎಂದಲ್ಲ. ಅಡುಗೆಮನೆಯಲ್ಲಿ ಸೌಟು, ಹುಟ್ಟು ಇದ್ದವು. ದೇವರ ಮುಂದೆ ಪಂಚಪಾತ್ರೆಯಲ್ಲಿ ಉದ್ಧರಣೆ ಇತ್ತು. ಹಸುಗೂಸಿಗೆ ಹಾಲು ಕುಡಿಸಲು ಒಳಲೆ ಇತ್ತು. ಇವುಗಳಲ್ಲಿ ಒಳಲೆಯೊಂದನ್ನು ಬಿಟ್ಟರೆ ಯಾವುದೂ ಬಾಯಿಗೆ ತಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಸೌಟು ಬಡಿಸುತ್ತದೆ, ಉದ್ಧರಣೆ ಮೇಲಿನಿಂದ ಅಂಗೈಗೆ ತೀರ್ಥ ಬಿಡುತ್ತದೆ. ಒಬ್ಬರ ಬಾಯಲ್ಲಿ ಆಡಿದ ವಸ್ತುವನ್ನು ತೊಳೆದು ಮರುದಿನ ಇನ್ನೊಬ್ಬರ ಬಾಯಿಗಿಡುವುದು ಎಂಜಲಿನ ಲೆಕ್ಕಾಚಾರಕ್ಕೆ ಒಗ್ಗುವ ಮಾತಾಗಿರಲಿಲ್ಲ. ಬಾಳೆಯೆಲೆಯ ಜಾಣತನ ಇರುವುದೂ ಅದರಲ್ಲೇ, ಉಂಡ ಮೇಲೆ ಎಸೆದರೆ ತೀರಿತು. ಲೋಹಗಳಲ್ಲೂ ತರತಮ ಇತ್ತು. ಮಣ್ಣಿನದ್ದು ಮೈಲಿಗೆಯಾದರೆ ಒಡೆಯಬೇಕು, ಕಂಚಿಗೆ ಬೂದಿ ಬೇಕು, ಚಿನ್ನ ಬೆಳ್ಳಿಗಳಿಗೆ ಬರೀ ನೀರು ಸಾಕು ಎಂಬ ಧಾಟಿಯ ನಿಯಮಗಳು ಧರ್ಮಶಾಸ್ತ್ರಗಳಲ್ಲಿವೆ. ಪರಂಗಿಯವರ ಮೇಜಿನ ಚಮಚ ಬೆಳ್ಳಿಯದೇ ಆಗಿದ್ದರೂ ಈ ವಿನಾಯಿತಿ ಅದಕ್ಕೆ ಸಿಗಲಿಲ್ಲ. ಅದು ದನದ ಮಾಂಸ ಮುಟ್ಟಿದ ಚಮಚ.

ಹಾಗಾದರೆ ಅದನ್ನು ತೊಳೆದವರು ಯಾರು? ಬಂಗಲೆಯ ಚಾಕರಿಗೆ ಸೇರಿದವರಲ್ಲಿ ದಂಡಿನ ಜತೆಗೇ ಮದ್ರಾಸು ಸೀಮೆಯಿಂದ ಬಂದ ತಮಿಳು ಮಾತಿನ ಕುಟುಂಬಗಳವರು ಬಹಳ. ಊರು ಅಸ್ಪೃಶ್ಯರೆಂದು ದೂರವಿಟ್ಟವರು, ಕ್ರೈಸ್ತರು, ಮುಸ್ಲಿಮರು. ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರ, ಹಲಸೂರುಗಳ ಇಕ್ಕಟ್ಟಿನ ಬೀದಿಗಳಲ್ಲಿ ಅವರ ವಾಸ. ಮನೆಯ ಮೇಲುಸ್ತುವಾರಿ ಬಟ್ಲರನದು. ಅವನ ಕೈಕೆಳಗಿನ ಮೇಟಿ ಎಂಬ ಆಳಿನ ಪಾಲಿಗೆ ಪಾತ್ರೆ, ಚಮಚ, ಚೂರಿಗಳು. ಕೆಲಸ ಕಡಿಮೆಯದಲ್ಲ. ಆ ಕಾಲದ ಚೂರಿಯ ಅಲಗು ಸಾದಾ ಉಕ್ಕಿನದು, ಹುಳಿ ತಾಗಿದರೆ ಕಪ್ಪಾಗುತ್ತದೆ, ತೇವ ಉಳಿದರೆ ತುಕ್ಕು. ಪ್ರತಿ ಊಟದ ನಂತರ ಚರ್ಮ ಹೊದಿಸಿದ ಹಲಗೆಯ ಮೇಲೆ ಇಟ್ಟಿಗೆ ಪುಡಿ ಉದುರಿಸಿ ಒಂದೊಂದನ್ನೇ ತಿಕ್ಕಬೇಕು. ಹಿಡಿ ಮೂಳೆಯದೋ ದಂತದ್ದೋ ಆಗಿದ್ದು ಒಳಗೆ ರಾಳದಿಂದ ಅಂಟಿಸಿರುವುದರಿಂದ ಬಿಸಿನೀರಿಗೆ ಅದ್ದುವಂತಿಲ್ಲ. ಮೊಟ್ಟೆ ತಾಗಿದ ಬೆಳ್ಳಿ ಗಂಧಕದಿಂದ ಕಪ್ಪಿಡುತ್ತದೆ, ಅದನ್ನು ಬೇರೆಯಾಗಿ ಉಜ್ಜಬೇಕು. ಮೀನಿಗೆಂದು ಬೆಳ್ಳಿ ಲೇಪನದ ಬೇರೆ ಚೂರಿ ಇರಿಸಿದ್ದೂ ಉಕ್ಕಿನ ಈ ದೋಷದಿಂದಲೇ. ಮೀನಿನ ಮೇಲೆ ಹಿಂಡಿದ ನಿಂಬೆರಸ ಉಕ್ಕಿಗೆ ತಾಗಿದರೆ ಬಾಯಿಗೆ ಬರುವುದು ಕಬ್ಬಿಣದ ರುಚಿ.

ಮಾರಾಟಕ್ಕೆ ಊರಲ್ಲೇ ಅಂಗಡಿಗಳಿದ್ದವು. ಇಂದು ಮಹಾತ್ಮ ಗಾಂಧಿ ರಸ್ತೆಯಾಗಿರುವ ಸೌತ್ ಪೆರೇಡಿನಲ್ಲಿ ಬಾರ್ಟನ್ ಕಂಪೆನಿ ಆಭರಣ, ಗಡಿಯಾರ, ಬೆಳ್ಳಿ ಸಾಮಾನು ಮಾರುತ್ತಿತ್ತು, ಬಾರ್ಟನ್ ಸೆಂಟರ್ ಎಂಬ ಕಟ್ಟಡದ ಹೆಸರಿನಲ್ಲಿ ಅದರ ನೆನಪು ಉಳಿದಿದೆ. 1869ರಲ್ಲಿ ಸ್ಥಾಪನೆಯಾದ ಕೃಷ್ಣಯ್ಯ ಚೆಟ್ಟಿಯವರ ಆಭರಣದ ಮಳಿಗೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೆಸರು ಮಾಡಿತು. ಮದ್ರಾಸಿನ ಪಿ. ಆರ್ ಕಂಪೆನಿ ದೇವರುಗಳ ಉಬ್ಬುಚಿತ್ರ ತುಂಬಿದ ‘ಸ್ವಾಮಿ’ ಶೈಲಿಯ ಬೆಳ್ಳಿಗೆ ಪ್ರಸಿದ್ಧ. ವಿಷ್ಣು, ಶಿವರ ಆಕೃತಿಗಳನ್ನು ಹೊತ್ತ ಚಹಾ ಪಾತ್ರೆ ದೊರೆಸಾನಿಯ ಮೇಜಿಗೆ ಬರುವುದು, ಅದೇ ಮೇಜಿನ ಚಮಚವನ್ನು ನೆರೆಯ ಅಗ್ರಹಾರ ಮುಟ್ಟದಿರುವುದು, ಇವೆರಡೂ ಒಂದೇ ಕಾಲದ ಸಂಗತಿಗಳು.

1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷರ ವಶದಲ್ಲೇ ಉಳಿಯಿತು. ಅದು ಮೈಸೂರಿನ ಕೈಗೆ ಬಂದದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು. ಅಧಿಕಾರಿಗಳು ಊರು ಬಿಡುವಾಗ ಮನೆಸಾಮಾನನ್ನು ಹರಾಜಿಗೆ ಹಾಕುವ ಪದ್ಧತಿ ಮೊದಲಿನಿಂದಲೂ ಇತ್ತು, ಈಗ ಅದು ಒಂದು ಸಮುದಾಯದ ನಿರ್ಗಮನವೇ ಆಯಿತು. ಮುಂದಿನ ಎರಡು ದಶಕಗಳಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಗಳಿಗೆ ಹಡಗು ಹತ್ತಿದವು. ಕೆ.ಆರ್. ಪುರದ ಆಚೆ 1882ರಲ್ಲಿ ಅವರಿಗಾಗಿಯೇ ನೆಲೆಗೊಂಡ ವೈಟ್‌ಫೀಲ್ಡ್, ಇತ್ತ ಕುಕ್ ಟೌನ್, ಫ್ರೇಜರ್ ಟೌನ್, ರಿಚ್‌ಮಂಡ್ ಟೌನ್‌ಗಳ ಮನೆಗಳಿಂದ ಡಜನ್ ಲೆಕ್ಕದ ಚಮಚದ ಪೆಟ್ಟಿಗೆಗಳು ಹೊರಬಿದ್ದವು. ಈ ಮನೆಗಳ ಊಟ ಮೆಸ್ಸಿನ ಊಟವಲ್ಲ. ಹಳದಿ ಅನ್ನ, ಬಾಲ್ ಕರಿಗಳನ್ನು ಬಲಗೈಯ ಚಮಚಕ್ಕೆ ಎಡಗೈಯ ಮುಳ್ಳುಚಮಚದಿಂದ ದೂಡಿಕೊಂಡು ತಿನ್ನುವ ರೂಢಿ ಅವರದು, ಅಲ್ಲಿ ಚೂರಿಗೆ ಕೆಲಸ ಕಡಿಮೆ. 1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಅಮೆರಿಕದ ಮಾರುಕಟ್ಟೆಯಲ್ಲಿ ಔನ್ಸಿಗೆ 50 ಡಾಲರಿನ ಹತ್ತಿರಕ್ಕೆ ಏರಿತು. ಒಂದು ವರ್ಷ ಮುಂಚೆ ಅದು ಆರು ಡಾಲರಿನಷ್ಟಿತ್ತು. ಲೋಕದೆಲ್ಲೆಡೆ ಹಳೆಯ ಬೆಳ್ಳಿ ಚಮಚಗಳು ಮೂಸೆ ಸೇರಿದವು.

ಮೇಟಿಯ ಇಟ್ಟಿಗೆ ಪುಡಿಗೆ ಮಂಗಳ ಹಾಡಿದ್ದು ಮಾತ್ರ ಸ್ವಾತಂತ್ರ್ಯವಲ್ಲ, ತುಕ್ಕು ಹಿಡಿಯದ ಉಕ್ಕು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಅದನ್ನು ತಯಾರಿಸಿದ. ಚೂರಿಯ ಆಕಾರವನ್ನೇ ಹೊಸದಾಗಿ ಯೋಚಿಸುವ ಧೈರ್ಯ ತೋರಿದವರಲ್ಲಿ ಇಟಲಿಯವರು ಮುಂದು. ಆಸ್ಟ್ರಿಯದ ಬೆರ್ನ್‌ಡಾರ್ಫಿನಲ್ಲಿ 1843ರಲ್ಲಿ ಆರಂಭವಾದ ಕಾರ್ಖಾನೆ ನಮ್ಮ ಜರ್ಮನ್ ಸಿಲ್ವರನ್ನೇ ‘ಅಲ್ಪಕ’ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಕ್ರುಪ್ ಮನೆತನದ ಆ ವ್ಯವಹಾರದ ಮಿಲಾನ್ ಶಾಖೆಗಾಗಿ ವಾಸ್ತುಶಿಲ್ಪಿ ಜಿಯೋ ಪೊಂಟಿ 1951ರಲ್ಲಿ ಊಟದ ಸಾಮಾನಿನ ಒಂದು ವಿನ್ಯಾಸ ಕೊಟ್ಟ. ಮುಳ್ಳುಚಮಚದ ತುದಿಯಷ್ಟೇ ಆಹಾರಕ್ಕೆ ತಾಗುತ್ತದೆ, ಉದ್ದ ಮುಳ್ಳುಗಳೇಕೆ? ಚೂರಿಯ ಅಲಗಿನಲ್ಲಿ ಕತ್ತರಿಸುವುದು ಸ್ವಲ್ಪ ಭಾಗ, ಉಳಿದದ್ದೇಕೆ? ಎರಡನ್ನೂ ಆತ ಗಿಡ್ಡ ಮಾಡಿದ. 1856ರಲ್ಲಿ ಹುಟ್ಟಿದ ಸಾಂಬೊನೆಟ್, 1921ರಲ್ಲಿ ಒಮೆಞ ಊರಿನಲ್ಲಿ ಆರಂಭವಾದ ಅಲೆಸ್ಸಿ ಮೊದಲಾದ ಇಟಲಿಯ ಕಂಪೆನಿಗಳ ಆ ಕಾಲದ ಮಾಲು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುವ ವಸ್ತು. ಅದೇ 1951ರಲ್ಲಿ ಬೆಂಗಳೂರಿನಿಂದ ಮಾವಳ್ಳಿ ಟಿಫಿನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿಬಂದರು. ಅವರು ಅಲ್ಲಿಂದ ತಂದದ್ದು ಚಮಚದ ಆಕಾರವನ್ನಲ್ಲ, ಬಳಸಿದ ಪಾತ್ರೆ ಚಮಚಗಳನ್ನು ಶುದ್ಧೀಕರಿಸುವ ಶಿಸ್ತನ್ನು. ಎಂಜಲಿನ ಹಳೆಯ ಪ್ರಶ್ನೆಗೆ ಪೇಟೆ ಕಡೆಯ ಊರು ಕೊಟ್ಟ ಉತ್ತರ ಬಿಸಿ ಹಬೆಯದು. 1980ರ ದಶಕದ ಆರಂಭದಲ್ಲಿ ಸೇಲಂ ಕಾರ್ಖಾನೆ ಸ್ಟೇನ್‌ಲೆಸ್ ಹಾಳೆ ತಯಾರಿಸತೊಡಗಿತು. ಹಳೆಯ ಬಟ್ಟೆಗೆ, ಹಳೆಯ ಹಿತ್ತಾಳೆಗೆ ಬದಲಾಗಿ ಸ್ಟೀಲು ಪಾತ್ರೆ ಕೊಡುವವರು ಬೀದಿ ಬೀದಿಗೆ ಬಂದರು, ಲೇಪನ ಹೋದ ಚಮಚಗಳೂ ಅವರ ಬುಟ್ಟಿ ಸೇರಿದವು.

ಈಗ ಇವನ್ನು ಕೂಡಿಡುವವರು ಓದಬೇಕಾದದ್ದು ಮೊದಲು ಬೆನ್ನಿನ ಗುರುತು. ಇಂಗ್ಲೆಂಡಿನ ನಿಜವಾದ ಬೆಳ್ಳಿಗೆ ನಡೆಯುವ ಸಿಂಹದ ಮುದ್ರೆ ಇರುತ್ತದೆ. ಲೇಪನದವರು ಅಕ್ಷರಗಳನ್ನು ಚೌಕಗಳಲ್ಲಿ ಕೂರಿಸಿದ್ದು ದೂರದಿಂದ ಆ ಮುದ್ರೆಯಂತೆ ಕಾಣಲೆಂದೇ. ಶೆಫೀಲ್ಡಿನ ಬೆಳ್ಳಿಯ ಗುರುತು ಆಗ ಕಿರೀಟವಾಗಿತ್ತು, 1896ರಿಂದ ಅದನ್ನು ಲೇಪನದ ಮಾಲಿನ ಮೇಲೆ ಒತ್ತುವಂತಿರಲಿಲ್ಲ. ಆದ್ದರಿಂದ ಕಿರೀಟವಿರುವ ಲೇಪನದ ಚಮಚ ಅದಕ್ಕೂ ಹಳೆಯದಿರಬಹುದು. ಚೂರಿಯ ಹಿಡಿ ದಂತದ್ದಾದರೆ ಭಾರತದಲ್ಲಿ ಅದರ ವ್ಯಾಪಾರವೇ ಅಪರಾಧ, ಆಫ್ರಿಕದ ದಂತಕ್ಕೂ 1991ರಿಂದ ನಿಷೇಧವಿದೆ. ಹಲವು ಹಿಡಿಗಳು ದಂತದ ಬಣ್ಣದ ಸೆಲ್ಯುಲಾಯ್ಡಿನವು, ಬೆಂಕಿಗೆ ಬೇಗ ಉರಿಯುತ್ತವೆ. ನೂರು ವರ್ಷ ದಾಟಿದ ಕುಶಲ ವಸ್ತುಗಳನ್ನು ಹೊರದೇಶಕ್ಕೆ ಮಾರಲು 1972ರ ಪ್ರಾಚ್ಯವಸ್ತು ಕಾಯಿದೆ ಅಡ್ಡಬರುತ್ತದೆ.

ದೊಡ್ಡ ತಕರಾರು ಮರುಲೇಪನದ್ದು. ಸವೆದ ಚಮಚಕ್ಕೆ ಹೊಸ ಬೆಳ್ಳಿ ಕೊಟ್ಟು ಥಳಥಳ ಮಾಡಿದರೆ ಮಾರಾಟ ಸುಲಭ. ಬೇರೆ ಮನೆಯ ಹೆಸರಕ್ಷರಗಳಿದ್ದರೆ ಉಜ್ಜಿ ಅಳಿಸುವುದೂ ಉಂಟು. ಊಟಕ್ಕೆ ಬಳಸುವವರು ಹಾಗೆ ಮಾಡಿಸಿದರೆ ತಪ್ಪೆನ್ನಲಾಗದು. ಸಂಗ್ರಹಕ್ಕೆ ಕೊಳ್ಳುವವರು ಮಾಡಿಸಿದರೆ ಅದು ದಾಖಲೆಯನ್ನು ತೊಳೆದಂತೆ. ಪೊಂಟಿಯ ಚಮಚಕ್ಕೆ ಪೊಂಟಿಯ ಹೆಸರಿದೆ, ಆ ಹೆಸರಿಗೇ ಬೆಲೆ. ದಂಡಿನ ಚಮಚದ ಮೇಲೆ ಇರುವುದು ಕಾರ್ಖಾನೆಯ ಗುರುತು, ಹೆಚ್ಚೆಂದರೆ ಒಡೆಯನ ಮೊದಲಕ್ಷರ. ಅದನ್ನು ದಿನವೂ ಕೈಯಲ್ಲಿ ಹಿಡಿದವನ ಗುರುತು ಸವೆತದಲ್ಲಿದೆ. ಬೆನ್ನಿನ ನಡುವೆ, ಮೇಜಿಗೆ ತಾಗುವಲ್ಲಿ ಹಳದಿ ಲೋಹ ಇಣುಕಿದ್ದರೆ ಅದು ಉಂಡವರ ಸವೆತ. ಹಿಡಿಯ ಹೂಬಳ್ಳಿಯ ಅಂಚುಗಳು ಮಾಸಿ ನುಣುಪಾಗಿದ್ದರೆ ಅದು ಉಜ್ಜಿದವರ ಸವೆತ. ದೊಡ್ಡ ಚಮಚಗಳಲ್ಲಿ ಕೆಲವಕ್ಕೆ ತುದಿಯ ಎಡ ಅಂಚು ಓರೆಯಾಗಿ ಹೋಗಿರುತ್ತದೆ. ಊಟದ ಮೇಜಿನಲ್ಲಿ ಅಂಥ ಸವೆತ ಬರುವುದಿಲ್ಲ. ಸೆಟ್ಟು ಒಡೆದ ಮೇಲೆ ಅಡುಗೆಮನೆಗೆ ಇಳಿದ ಚಮಚವದು, ಬಲಗೈಯವನೊಬ್ಬ ವರ್ಷಾನುಗಟ್ಟಲೆ ಅದರಿಂದ ಪಾತ್ರೆಯ ತಳ ಕೆರೆದಿದ್ದಾನೆ.