ಎಂಜಿನ್ನಿನ ಮಸಿ, ಬೀದಿಯ ಗಾಳಿ

ಮೋಟಾರು ಯುಗದ ಆರಂಭದಲ್ಲಿ ಎಂಜಿನ್ನಿನೊಳಗೆ ಕಟ್ಟಿದ ಇಂಗಾಲದ ಮಸಿಯನ್ನು, ಹೆಡ್ಡು ಬಿಚ್ಚಿ, ಕೈಯಿಂದಲೇ ಕೆರೆದು ತೆಗೆಯಬೇಕಾಗಿತ್ತು. ಮಸಿ ದಪ್ಪವಾದಷ್ಟೂ ಎಂಜಿನ್ನು ಬಡಿದುಕೊಳ್ಳುತ್ತಿತ್ತು. ಆ ಬಡಿತಕ್ಕೆ ಅಮೆರಿಕದ ಥಾಮಸ್ ಮಿಡ್ಜ್‌ಲಿ 1921ರಲ್ಲಿ ಕಂಡುಕೊಂಡ ಮದ್ದು, ಪೆಟ್ರೋಲಿಗೆ ಬೆರೆಸುವ ಸೀಸದ ಸಂಯುಕ್ತ. ಬಡಿತವೇನೋ ನಿಂತಿತು, ಆದರೆ ಮಸಿಯ ಜೊತೆಗೆ ಸೀಸವೂ ಒಳಗೆ ಕಟ್ಟತೊಡಗಿತು. ಅದನ್ನು ಹೊರದೂಡಲು ಬ್ರೋಮಿನ್ನಿನ ಇನ್ನೊಂದು ಮದ್ದನ್ನು ಬೆರೆಸಿದರು. ಇದಕ್ಕಾಗಿ ಕಡಲನ್ನೇ ಸೋಸಿದರೆಂದರೆ ಉತ್ಪ್ರೇಕ್ಷೆಯಲ್ಲ: 1934ರಲ್ಲಿ ಉತ್ತರ ಕೆರೊಲಿನಾದ ಕ್ಯೂರಿ ಬೀಚಿನಲ್ಲಿ ಸಮುದ್ರದ ನೀರಿನಿಂದ ಬ್ರೋಮಿನ್ ತೆಗೆಯುವ ಕಾರ್ಖಾನೆಯೇ ಎದ್ದಿತು.

ಎಂಜಿನ್ನು ಶುಚಿಯಾಯಿತು, ನಿಜ. ಸೀಸ ಹೋದದ್ದೆಲ್ಲಿಗೆ? ಹೊಗೆಯ ಕೊಳವೆಯಿಂದ ಬೀದಿಗೆ, ಬೀದಿಯಲ್ಲಾಡುವ ಮಕ್ಕಳ ರಕ್ತಕ್ಕೆ. ಅದು ವಿಷವೆಂದು ತಿಳಿಯದಿರಲಿಲ್ಲ. 1924ರಲ್ಲೇ ನ್ಯೂಜೆರ್ಸಿಯ ಒಂದು ಕಾರ್ಖಾನೆಯಲ್ಲಿ ಐವರು ಕಾರ್ಮಿಕರು ಅದರಿಂದ ಸತ್ತಿದ್ದರು. ಭಾರತದಲ್ಲಿ ಸೀಸದ ಪೆಟ್ರೋಲಿನ ಮಾರಾಟ ನಿಂತದ್ದು 2000ದಲ್ಲಿ; ಕಟ್ಟಕಡೆಯ ದೇಶವಾದ ಅಲ್ಜೀರಿಯದಲ್ಲಿ, 2021ರಲ್ಲಿ.