ಮನೆಯ ಧ್ವನಿಮುದ್ರಣಕ್ಕೆ ಯಂತ್ರದ ಶ್ರುತಿ

1884ರಲ್ಲಿ ಸ್ಥಾಪನೆಯಾಗಿ ಮುಂದೆ ಬಿನ್ನಿ ಕಂಪನಿಯ ಕೈಸೇರಿದ ಬಟ್ಟೆ ಗಿರಣಿಯಿಂದ ಹೆಸರು ಪಡೆದ ಬೆಂಗಳೂರಿನ ಬಿನ್ನಿಪೇಟೆಯಲ್ಲಿ ಇಂದು ಗಿರಣಿಯ ಸದ್ದಿಲ್ಲ. ರೈಲು, ವಾಹನಗಳ ಸದ್ದು ನಿಂತಿಲ್ಲ. ಇಂತಹ ಬಡಾವಣೆಯ ಚಿಕ್ಕ ಕೋಣೆಯಲ್ಲೂ ಲ್ಯಾಪ್‌ಟಾಪ್, ಒಂದು ಮೈಕ್ ಹಾಗೂ ಮೊಬೈಲ್‌ನ ಶ್ರುತಿ ಇದ್ದರೆ ಈಗ ಭಾವಗೀತೆಯೊಂದನ್ನು ಧ್ವನಿಮುದ್ರಿಸಬಹುದು. ಈ ಅನುಕೂಲದ ಮೂಲದಲ್ಲಿ ಬೆಂಗಳೂರಿನ ಪಾಲೂ ಇದೆ.

ಹಿನ್ನೆಲೆ

ನಿರಂತರವಾಗಿ ಮಿಡಿಯುವ ಆಧಾರಸ್ವರ ಶಾಸ್ತ್ರೀಯ ಸಂಗೀತಕ್ಕಷ್ಟೇ ಸೀಮಿತವಲ್ಲ. ಮಂಟೇಸ್ವಾಮಿ ಪರಂಪರೆಯ ನೀಲಗಾರರು, ತತ್ತ್ವಪದಕಾರರು ತಂಬೂರಿ, ಏಕತಾರಿಗಳೊಡನೆಯೇ ಹಾಡುತ್ತ ಬಂದಿದ್ದಾರೆ. 1966ರಲ್ಲಿ ಬೀಟಲ್ಸ್ ತಂಡ 'ಟುಮಾರೋ ನೆವರ್ ನೋಸ್' ಗೀತೆಯಲ್ಲಿ ತಂಬೂರಿಯ ನಾದವನ್ನು ಟೇಪ್ ತುಣುಕುಗಳ ಪುನರಾವರ್ತನೆಯೊಂದಿಗೆ ಬೆಸೆಯಿತು.

ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲು ವಾದಕ ಜಿ. ರಾಜ್‌ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ 1979ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಸಮ್ಮೇಳನದಲ್ಲಿ ಪ್ರದರ್ಶನಗೊಂಡಿತು. ಅವರ ರೇಡೆಲ್ ಸಂಸ್ಥೆಯ ಉಪಕರಣಗಳು ಮುಂದೆ ಕಛೇರಿ, ಪಾಠಶಾಲೆಗಳಲ್ಲಿ ಮನೆಮಾತಾದವು. ಅದೇ ವರ್ಷ ಟಿಯಾಕ್ ಕಂಪನಿಯ ನಾಲ್ಕು ಟ್ರ್ಯಾಕ್‌ಗಳ ಕ್ಯಾಸೆಟ್ ಯಂತ್ರ 'ಪೋರ್ಟಾಸ್ಟುಡಿಯೊ' ವಿದೇಶಗಳಲ್ಲಿ ಮನೆಯ ಧ್ವನಿಮುದ್ರಣಕ್ಕೆ ದಾರಿ ಮಾಡಿತು.

ನಾದದ ಗುಟ್ಟು

ತಂಬೂರಿಯ ಕುದುರೆಗೂ ತಂತಿಗೂ ನಡುವೆ ಸಿಕ್ಕಿಸುವ ನೂಲೇ ಜೀವಾಳಿ. ಅದರಿಂದ ಒಂದು ಮೀಟಿಗೆ ಹಲವು ಉಪಸ್ವರಗಳು ಅರಳುತ್ತವೆ; ಅವುಗಳಲ್ಲಿ ಐದನೆಯದು ಸ್ವಯಂಭು ಗಾಂಧಾರ. ಇದು ಕೀಬೋರ್ಡಿನ ಗಾಂಧಾರಕ್ಕಿಂತ ಅರ್ಧಸ್ವರದ ಸುಮಾರು ಏಳನೇ ಒಂದು ಭಾಗದಷ್ಟು ಇಳಿದಿರುತ್ತದೆ. ತಂಬೂರಿಯ ಮೇಲೆ ಕೀಬೋರ್ಡಿನ ಮೇಳಸ್ವರ ಕೂರಿಸಿದಾಗ ಗಾಂಧಾರ ಒರಟಾಗಿ ಕೇಳುವುದು ಇದರಿಂದಲೇ. ಕೀಬೋರ್ಡಿನಲ್ಲಿ ಷಡ್ಜ, ಪಂಚಮಗಳನ್ನಷ್ಟೇ ಹಿಡಿದರೆ ಘರ್ಷಣೆ ತಪ್ಪುತ್ತದೆ. ಗಾಯನವನ್ನು ತಂತ್ರಾಂಶದಿಂದ ಕೀಬೋರ್ಡಿನ ಸ್ವರಗಳಿಗೆ ತಿದ್ದಿದರೂ ತೊಡಕು ಇದೇ.

ಗಮನಿಸಬೇಕಾದದ್ದು

ಭಾರತದಲ್ಲಿ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಜ್. ಅರ್ತಿಂಗ್ ಸರಿಯಿಲ್ಲದಿದ್ದರೆ 50, 100 ಹರ್ಟ್ಜ್‌ಗಳ ಗುಂಯ್‌ಗಾನ ಮುದ್ರಣದೊಳಗೆ ನುಸುಳುತ್ತದೆ. ಒಂದನೇ ಮನೆ ಶ್ರುತಿಯಲ್ಲಿ ಹಾಡುವ ಪುರುಷರ ಮಂದ್ರ ಪಂಚಮ ಸುಮಾರು 98 ಹರ್ಟ್ಜ್. ಹೀಗಾಗಿ ಈ ಸದ್ದು ಪಂಚಮದಂತೆಯೇ ಕೇಳಿ ಮೋಸಗೊಳಿಸುತ್ತದೆ. ಎರಡೂ ಬೆರೆತಾಗ ಸೆಕೆಂಡಿಗೆ ಸುಮಾರು ಎರಡು ಬಾರಿ ನಾದ ಅಲುಗುತ್ತದೆ.

ಶ್ರುತಿಯನ್ನು ಬೇರೆ ಟ್ರ್ಯಾಕ್‌ನಲ್ಲಿ ಇಟ್ಟು, ಗಾಯಕರು ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡುವುದು ಸೂಕ್ತ. ಮೊಬೈಲ್‌ನ ಪುಟ್ಟ ಸ್ಪೀಕರ್ ಮಂದ್ರ ಷಡ್ಜವನ್ನು ಪೂರ್ಣವಾಗಿ ಹೊರಡಿಸಲಾರದು. ತಿರುಗುಗುಂಡಿಯ ಹಳೆಯ ಶ್ರುತಿಪೆಟ್ಟಿಗೆಗಳು ಕಾವೇರಿದಂತೆ ಸ್ವರ ಜಾರಿಸಬಹುದು. ಒಂದೇ ಹಾಡನ್ನು ಹಲವು ದಿನ ಮುದ್ರಿಸುವವರಿಗೆ ಡಿಜಿಟಲ್ ಶ್ರುತಿಯೇ ಭದ್ರ. ಕಿಟಕಿ ಮುಚ್ಚಿ, ಗೋಡೆಗೆ ದಪ್ಪ ರಜಾಯಿ ತೂಗುಹಾಕಿದರೆ ಕೋಣೆಯ ಪ್ರತಿಧ್ವನಿ ತಗ್ಗುತ್ತದೆ. ರೈಲಿನ ಸದ್ದು ಮಾತ್ರ ಇದರಿಂದ ಪೂರ್ತಿ ನಿಲ್ಲದು, ಅದು ಹಾದುಹೋಗುವವರೆಗೆ ಕಾಯಲೇಬೇಕು.

ಕಳೆದುಕೊಂಡದ್ದು

ಹಿಂದೆ ವಿದ್ಯಾರ್ಥಿ ಹಾಡುವ ಮುನ್ನ ತಂಬೂರಿಯ ಬಿರಡೆ ತಿರುಗಿಸಿ ಶ್ರುತಿ ಸೇರಿಸಬೇಕಿತ್ತು. ಕಿವಿಯ ಮೊದಲ ಪಾಠವೇ ಅದು. ಯಂತ್ರ ಆ ಶ್ರಮವನ್ನು ಉಳಿಸಿತು, ಪಾಠವನ್ನೂ ತಪ್ಪಿಸಿತು. ಶ್ರುತಿ ಗುಂಡಿಯೊತ್ತಿದರೆ ದೊರೆಯುತ್ತದೆ. ಅದರೊಳಗೆ ಕಂಠ ಸೇರಿದೆಯೇ ಎಂಬುದನ್ನು ಇಂದಿಗೂ ಕಿವಿಯೇ ಹೇಳಬೇಕು.