ಯಗಚಿ: ಒಂದು ಕಿರುನದಿಯ ಚರಿತ್ರೆ

ಕಾವೇರಿಗೆ ಕಾವ್ಯಗಳುಂಟು, ಹೇಮಾವತಿಗೆ ಗೊರೂರರ ಗದ್ಯವುಂಟು. ಯಗಚಿಗೆ ಇರುವುದು ಅದರ ಹೆಸರು ಮಾತ್ರ. ಸಂಸ್ಕೃತದಲ್ಲಿ ಇದು ಬದರೀ ನದಿ. ಬದರಿಯೆಂದರೆ ಎಲಚಿ. ಮುಳ್ಳುಗಿಡವೊಂದರ ಹೆಸರು ಹೊತ್ತ ಈ ನದಿಯಲ್ಲಿ ಆಡಂಬರವನ್ನು ಹುಡುಕುವುದು ತರವಲ್ಲ.

ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟಿ, ಬೇಲೂರನ್ನು ಬಳಸಿ, ಗೊರೂರಿನ ಬಳಿ ಇದು ಹೇಮಾವತಿಯನ್ನು ಕೂಡುತ್ತದೆ. ಅದೇ ಗಿರಿಯಲ್ಲಿ ಹುಟ್ಟುವ ವೇದಾವತಿ ಬಯಲುಸೀಮೆಯತ್ತ ತಿರುಗಿ ತುಂಗಭದ್ರೆಯನ್ನು ಸೇರುತ್ತದೆ. ಅರಸೀಕೆರೆ ಸೀಮೆಯ ಉತ್ತರದ ಹಳ್ಳಗಳ ನೀರೂ ಆ ಕಡೆಗೇ. ಒಂದೇ ಬೆಟ್ಟದ ಮಳೆ ಕಾವೇರಿಗೂ ಕೃಷ್ಣೆಗೂ ಪಾಲಾಗುವ ನಾಡಿದು. ಬೇಲೂರಿನಿಂದ ಅರಸೀಕೆರೆಯತ್ತ ಹೊರಟವರು ಭತ್ತದ ಹಸಿರು ಹಿಂದೆ ಸರಿದು ರಾಗಿಹೊಲವೂ ತೆಂಗಿನ ತೋಟವೂ ಎದುರಾಗುವುದನ್ನು ಕಾಣುತ್ತಾರೆ.

ಬೇಲೂರಿಗೆ ನದಿಯುಂಟು, ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಹಳೇಬೀಡಿಗೆ ನದಿಯಿಲ್ಲ. ಆದರೂ ಹೊಯ್ಸಳರು ಅಲ್ಲಿಯೇ ರಾಜಧಾನಿಯನ್ನು ಕಟ್ಟಿದರು. ಕೆರೆಯ ನೀರನ್ನು ನಂಬಿ ಬೆಳೆದ ಆ ಪಟ್ಟಣಕ್ಕೆ ದೋರಸಮುದ್ರವೆಂಬ ಹೆಸರೇ ನಿಂತಿತು. ಅರಸೀಕೆರೆಯ ಹೆಸರಿನಲ್ಲೂ ಕೆರೆಯೇ ಇದೆ. ಬೇಲೂರಿನ ಕೆರೆಯನ್ನು ಕಟ್ಟಿಸಿದ ಕವಿ, ಮಂತ್ರಿ ಪದ್ಮರಸನಿಗೆ 'ಕೆರೆಯ' ಎಂಬ ವಿಶೇಷಣವೇ ಬಿರುದಾಯಿತು. ಕಾವ್ಯದಿಂದಲ್ಲ, ಕೆರೆಯಿಂದ ಗುರುತಾದ ಕವಿ! ನನಗೆ ಇದು ಆ ಕಾಲದ ಮೌಲ್ಯವನ್ನು ಹೇಳುವ ಮಾತಾಗಿ ತೋರುತ್ತದೆ.

ಯಗಚಿಯ ನೀರನ್ನು ಹಳೇಬೀಡಿಗೆ ಹರಿಸುವ ಕನಸು ಹೊಯ್ಸಳರ ಕಾಲದ್ದೇ ಎಂದು ಜನ ರಣಘಟ್ಟದ ಒಡ್ಡನ್ನು ತೋರಿಸುತ್ತಾರೆ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದ ಮೇಲೆ ಆ ರಾಜ್ಯ ಮೊದಲಿನಂತೆ ಉಳಿಯಲಿಲ್ಲ. ನಮ್ಮ ಕಾಲದಲ್ಲಿ ಬೇಲೂರಿನ ಬಳಿ ಯಗಚಿಗೆ ಅಣೆಕಟ್ಟು ಬಂದಿತು. ಹಳೇಬೀಡಿನ ರೈತರು ಮಾತ್ರ ನೀರಿಗಾಗಿ ಬಹುಕಾಲ ಹೋರಾಡಬೇಕಾಯಿತು. ರಣಘಟ್ಟ ಯೋಜನೆಗೆ ಸರ್ಕಾರ ಒಪ್ಪಿದ್ದು 2021ರಲ್ಲಿ.

2023ರಲ್ಲಿ ಬೇಲೂರು, ಹಳೇಬೀಡುಗಳ ದೇಗುಲಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿಯೇ. ಆದರೆ ಶಿಲ್ಪಿಗೆ ಅನ್ನವಿಕ್ಕಿದ ಗದ್ದೆಯನ್ನೂ, ಗದ್ದೆಗೆ ನೀರೆರೆದ ಕೆರೆಯನ್ನೂ ಮರೆತು ಶಿಲ್ಪವನ್ನಷ್ಟೇ ಕಾಯುವುದು ಅರ್ಧ ಪರಂಪರೆ. ಕಲ್ಲು ತನ್ನಷ್ಟಕ್ಕೆ ನಿಂತೀತು. ನೀರನ್ನು ಪ್ರತಿ ತಲೆಮಾರೂ ಹೊಸದಾಗಿ ಕಾಯಬೇಕು.